ಕೊಟ್ರ ವ್ಯಾನು ಹತ್ತಿದ್ದು

ಕೊಟ್ರನ ಸುದ್ದಿ ಕೇಳೋದಾದರೆ ಮೊದಲು ಕೈಯಲ್ಲಿರೋ ಚಾ ಲೋಟ ಕೆಳಗಿಡಿ. ಆಮೇಲೆ ಅಂಗಿ ಮೇಲೆ ಚೆಲ್ಲಿಕೊಂಡೆ ಅನ್ನಬೇಡಿ.

ಹಾಲಮ್ಮನಿಗೆ ಇದ್ದವನು ಒಬ್ಬನೇ ಮಗ, ಈ ಕೊಟ್ರ. ಆಳು ಆನೆಯಂಥವನು, ಮನಸ್ಸು ಹಾಲಿನಂಥದು. ಆದರೆ ಮಾತು ಅಂದರೆ ಅವನಿಗೆ ಆಡಿದಷ್ಟೇ, ಅದರ ಹಿಂದೆ ಮುಂದೆ ಏನೂ ಕಾಣದು. ಒಮ್ಮೆ ಮನೆಗೆ ಬೀಗರು ಬಂದಿದ್ದರು. ಹಾಲಮ್ಮ ಒಳಗಿಂದ, "ಅಂಗಡ್ಯಾಗ ಸಕ್ರಿ ಐತೇನು ಕೇಳ್ಕೊಂಡು ಬಾರಪ್ಪ, ಲಗೂನ" ಅಂದಳು. ಓಡಿಹೋದ, ಓಡಿಬಂದ. "ಐತಂತೆ ಅವ್ವ" ಅಂತ ಹೇಳಿ ಬೀಗರ ಪಕ್ಕದಲ್ಲೇ ಕೂತ. ಬೀಗರು ಸಪ್ಪನೆ ಚಾ ಕುಡಿದು ಎದ್ದುಹೋದರು. ಹಾಲಮ್ಮ ಹಣೆ ಹಣೆ ಬಡಿದುಕೊಂಡಳು. ಕೊಟ್ರನಿಗೆ ದಿಗಿಲಾಯಿತು. ಸಕ್ಕರೆ ಇತ್ತಲ್ಲ, ಅವ್ವ ಯಾಕೆ ಹಣೆ ಬಡ್ಕೊಳ್ತಾಳೆ?

ಅದೇ ಓಣಿಯ ಪಂಪಣ್ಣ, ಖಾಜಾ ಅವನ ಗೆಳೆಯರು. ಇಬ್ಬರೂ ಒಂದೊಂದು ಹಳೇ ಮಿನಿಬಸ್ಸು ಕೊಂಡು, ಸೀಟು ಕಿತ್ತು, ಒಳಗೆ ಮಂಚ, ಗ್ಯಾಸ್ ಒಲೆ, ನೀರಿನ ಟ್ಯಾಂಕು ಎಲ್ಲ ಕೂರಿಸಿ, ಓಡಾಡುವ ಮನೆಯಂಥ ವ್ಯಾನು ಮಾಡಿಕೊಂಡರು. ಉತ್ತರದ ಕಡೆ ಹೋಗಬೇಕು, ಹಿಮ ಬೀಳೋದನ್ನ ಕಣ್ಣಾರೆ ನೋಡಬೇಕು, ದಾರಿಯುದ್ದಕ್ಕೂ ವ್ಯಾನಿನಲ್ಲೇ ಉಂಡು ವ್ಯಾನಿನಲ್ಲೇ ಮಲಗಬೇಕು ಅನ್ನೋದು ಅವರ ಆಸೆ. ಪಂಪಣ್ಣನ ಹೆಂಡತಿ ಗಿರಿಜಾನೂ ಹೊರಟಳು. ಗಾಲಿ ಹೂತರೆ ನೂಕೋಕೆ ಗಟ್ಟಿ ಆಳು ಬೇಕಲ್ಲ, ಕೊಟ್ರನನ್ನೂ ಕರೆದರು.

ಹೊರಡುವಾಗ ಹಾಲಮ್ಮ ಕಿಟಕಿ ಹಿಡಿದು ನಿಂತಳು. "ಮಗನೆ, ಅವರು ಹೇಳಿದಷ್ಟು ಮಾಡು. ನಿನ್ನ ತಲಿ ಓಡಿಸಬ್ಯಾಡ."

"ಇಲ್ಲವ್ವ, ಓಡಿಸಂಗಿಲ್ಲ" ಅಂದ ಕೊಟ್ರ.

ಸೊಲ್ಲಾಪುರ ದಾಟಿದ ಮೇಲೆ ಒಂದು ಧಾಬಾದಲ್ಲಿ ಊಟಕ್ಕೆ ನಿಂತರು. ಉಂಡು ಹೊರಡೋವಾಗ ಪಂಪಣ್ಣ ವ್ಯಾನು ರಿವರ್ಸ್ ಹಾಕಿದ. "ಕೊಟ್ರ, ಹಿಂದ ನಿಂತು ನೋಡು" ಅಂದ. ಕೊಟ್ರ ಇಳಿದ. ಹಿಂದೆ ನಿಂತ. ನೋಡಿದ. ವ್ಯಾನು ಹಿಂದೆ ಬಂತು, ನೋಡಿದ. ಧಾಬಾದ ಚಪ್ಪರದ ಕಂಬಕ್ಕೆ ತಾಗಿತು, ನೋಡಿದ. ಕಂಬ ಬಾಗಿತು, ಮುರಿಯಿತು, ಚಪ್ಪರ ಮೆಲ್ಲಗೆ ಇಳಿದು ಉಣ್ಣುತ್ತಿದ್ದವರ ತಲೆ ಮೇಲೆ ಕೂತಿತು. ಅದನ್ನೂ ರೆಪ್ಪೆ ಬಡಿಯದೆ ನೋಡಿದ. ಧಾಬಾದವನು ಬೇಳೆಯ ಬಕೇಟು ಹಿಡಿದವನು ಹಿಡಿದಂಗೇ ಕಲ್ಲಾದ.

ಪಂಪಣ್ಣ ಹಾರಿ ಇಳಿದ. "ಯಾಕಲೇ, ಕಂಬ ಕಾಣಲಿಲ್ಲೇನು?"

"ಕಾಣ್ತು ಪಂಪಣ್ಣ. ಚಂದಾಗಿ ಕಾಣ್ತು."

"ಮತ್ಯಾಕ ಸುಮ್ನಿದ್ದಿ?"

"ನೋಡು ಅಂದಿ, ನೋಡಿದೆ. ಬ್ಯಾರೆ ಏನೂ ಅನ್ಲಿಲ್ಲ ನೀನು."

ಹೊಸ ಕಂಬ ತರುವ ತನಕ ಕೊಟ್ರನೇ ಚಪ್ಪರ ಹೊತ್ತು ನಿಂತ. ಆಮೇಲೆ ಪಂಪಣ್ಣ ಬೈದು ಬೈದು ಬುದ್ಧಿ ಹೇಳಿದ: "ಗಾಡಿಗೆ ಏನರ ಅಡ್ಡ ಐತಿ ಅಂದ್ರ ಪಟಪಟ ಗಾಡಿ ಬಡೀಬೇಕು. ಹೋಲ್ಡ್, ಹೋಲ್ಡ್ ಅಂತ ಕೂಗಬೇಕು. ತಿಳೀತಾ?"

"ತಿಳೀತು" ಅಂದ ಕೊಟ್ರ. ನಿಜವಾಗಿಯೂ ತಿಳಿದಿತ್ತು ಅವನಿಗೆ. ದಾರಿಯುದ್ದಕ್ಕೂ ಬಾಯಲ್ಲಿ ಹೋಲ್ಡ್, ಹೋಲ್ಡ್ ಅಂತ ಅಭ್ಯಾಸ ಮಾಡಿದ.

ಮರುದಿನ ಅವನು ಖಾಜಾನ ವ್ಯಾನಿನಲ್ಲಿದ್ದ. ಪಂಪಣ್ಣನ ವ್ಯಾನು ಮುಂದೆ, ಇವರದು ಹಿಂದೆ. ಒಂದು ರೈಲ್ವೆ ಗೇಟು ಬಂತು. ಪಂಪಣ್ಣ ದಾಟಿಹೋದ. ಖಾಜಾ ಹಳಿ ಮೇಲೆ ಗಾಲಿ ಏರಿಸಿದ. ಕೊಟ್ರ ಪಕ್ಕದ ಕಿಟಕಿಯಿಂದ ಕೆಳಗೆ ಬಗ್ಗಿ ನೋಡಿದ. ನೋಡ್ತಾನೆ, ಉದ್ದಕ್ಕೂ ಕಬ್ಬಿಣ ಅಡ್ಡ ಬಿದ್ದಿದೆ. ಒಂದಲ್ಲ, ಎರಡು. ಪಟಪಟ ಬಡಿದ. "ಹೋಲ್ಡ್, ಹೋಲ್ಡ್, ಹೋಲ್ಡ್!"

ಖಾಜಾ ಗಾಬರಿಬಿದ್ದು ಬ್ರೇಕ್ ಒತ್ತಿದ. ವ್ಯಾನು ಹಳಿ ಮೇಲೇ ನಿಂತಿತು, ಇಂಜಿನ್ನೂ ಆಫಾಯಿತು.

"ಏನಾತೋ, ಯಾರರ ಸಿಕ್ಕರೇನು?"

"ಕಬ್ಬಿಣ ಅಡ್ಡ ಐತಿ ಖಾಜಾ."

ಅಷ್ಟರಲ್ಲಿ ಗಂಟೆ ಬಡಿಯೋಕೆ ಶುರುವಾಯಿತು. ಗೇಟಿನವನು ಕೆಂಪು ಬಾವುಟ ಹಿಡಿದು ಅರಚುತ್ತಾ ಓಡಿಬಂದ. ಖಾಜಾ ಕೀ ತಿರುಗಿಸಿದ, ಇಂಜಿನ್ನು ಕೆಮ್ಮಿತು. ಮತ್ತೆ ತಿರುಗಿಸಿದ, ಮತ್ತೆ ಕೆಮ್ಮಿತು. "ಇಳಿದು ನೂಕಲೇ" ಅಂದ. ಕೊಟ್ರ ಇಳಿದು ಹೆಗಲು ಕೊಟ್ಟ. ವ್ಯಾನು ಹಳಿ ಇಳಿಯಿತು, ಗೇಟು ದಾಟಿತು. ಬೆನ್ನ ಹಿಂದೆಯೇ ರೈಲು ನೆಲ ನಡುಗಿಸಿಕೊಂಡು ಹೋಯಿತು. ಕೊಟ್ರ ನೂಕ್ತಾನೇ ಇದ್ದ. ನಿಲ್ಲಿಸು ಅಂತ ಯಾರೂ ಹೇಳಿರಲಿಲ್ಲ. ಒಂದು ಕಬ್ಬಿನ ಹೊಲ ಕಳೆದು ಇನ್ನೊಂದು ಹೊಲದ ತನಕ ನೂಕಿದ.

ಖಾಜಾ ಬಾಟಲಿ ನೀರನ್ನೆಲ್ಲ ತಲೆ ಮೇಲೆ ಸುರಿದುಕೊಂಡ. ಬೈಯೋಕೂ ಅವನಲ್ಲಿ ಶಕ್ತಿ ಇರಲಿಲ್ಲ. ಮೆಲ್ಲಗೆ ಹೇಳಿದ: "ನೋಡು ಕೊಟ್ರ, ಗಾಡಿ ಹೊಂಟಮ್ಯಾಲ ಏನೇ ಆಗಲಿ, ನಿಲ್ಸು ಅನ್ನಬ್ಯಾಡ. ಬಾಯಿ ಮುಚ್ಕೊಂಡು ಕೂಡು. ಎಲ್ಲಾ ದಾಟಿ ಗಾಡಿ ನಿಂತಮ್ಯಾಲ ಹೇಳು."

"ಹಂಗ ಆಗ್ಲಿ" ಅಂದ ಕೊಟ್ರ. ಮನಸ್ಸಿನಲ್ಲಿ ಮಾತ್ರ ಕೊರೆಯುತ್ತಿತ್ತು. ಅಡ್ಡ ಇದ್ದದ್ದು ನಿಜ ತಾನೇ?

ರಾಜಸ್ಥಾನದ ಬಯಲಿಗೆ ಬಂದರು. ಒಂದು ಪೆಟ್ರೋಲ್ ಬಂಕಿನಲ್ಲಿ ಎರಡೂ ವ್ಯಾನಿಗೆ ಎಣ್ಣೆ ಹಾಕಿಸಿದರು. ಗಿರಿಜಾ ಹಿಂದುಗಡೆ ಕೈಕಾಲು ತೊಳೆಯೋಕೆ ಹೋದಳು. ಹೆಂಡತಿ ಖಾಜಾನ ವ್ಯಾನು ಹತ್ತಿದಳು ಅಂದುಕೊಂಡು ಪಂಪಣ್ಣ ಹೊರಟ. ಅಕ್ಕ ಗಂಡನ ಜತೆ ಇದ್ದಾಳೆ ಅಂದುಕೊಂಡು ಖಾಜಾನೂ ಹೊರಟ. ಕೊಟ್ರ ಹಿಂದಿನ ಗಾಜಿನಲ್ಲಿ ನೋಡ್ತಾನೆ, ಗಿರಿಜಕ್ಕ ಚಪ್ಪಲಿ ಕೈಯಲ್ಲಿ ಹಿಡಿದು, ಸೆರಗು ಹಾರಿಸಿಕೊಂಡು ಓಡಿಬರ್ತಿದ್ದಾಳೆ. ಕೈ ಬೀಸಿದಳು. ಕೊಟ್ರನೂ ಬೀಸಿದ. ಬಾಯಿ ಮಾತ್ರ ಬಿಗಿಯಾಗಿ ಮುಚ್ಚಿಕೊಂಡ.

ಊರು ದಾಟಿತು, ಬತ್ತಿದ ಹೊಳೆ ದಾಟಿತು, ಟೋಲ್ ಗೇಟು ದಾಟಿತು. ಬಿಸಿಲು ಇಳಿಮುಖವಾದಾಗ ಒಂದು ಚಾ ಅಂಗಡಿ ಮುಂದೆ ನಿಂತರು. ಪಂಪಣ್ಣ ಲೋಟ ತುಟಿಗಿಟ್ಟ. ಕೊಟ್ರ ಕೇಳಿದ: "ಎಲ್ಲಾ ದಾಟಿದ್ವೇನು?"

"ದಾಟಿದ್ವಿ."

"ಹಂಗಾರ ಹೇಳ್ತೀನಿ. ಗಿರಿಜಕ್ಕ ಬಂಕಿನಾಗ ಉಳಿದಾಳ."

ಪಂಪಣ್ಣನ ಬಾಯಲ್ಲಿದ್ದ ಚಾ ಬಾಯಲ್ಲೇ ನಿಂತಿತು. ಖಾಜಾನ ಮುಖ ನೋಡಿದ, ಖಾಜಾ ಇವನ ಮುಖ ನೋಡಿದ. ಫೋನ್ ಮಾಡಿದರೆ, ಗಿರಿಜಾನ ಫೋನು ವ್ಯಾನಿನ ದಿಂಬಿನ ಕೆಳಗೇ ಬಡಿದುಕೊಂಡಿತು. ಗುರುತಿಲ್ಲದ ಸೀಮೆ, ಗೊತ್ತಿಲ್ಲದ ಜನ, ಒಬ್ಬಳೇ ಹೆಂಗಸು. ವ್ಯಾನು ತಿರುಗಿಸಿ ಓಡಿದರು. ಪಂಪಣ್ಣನ ಕಣ್ಣಲ್ಲಿ ನೀರು ನೋಡಿ ಕೊಟ್ರನೂ ಕಣ್ಣೊರೆಸಿಕೊಂಡ.

ಗಿರಿಜಾ ಬಂಕಿನ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಗಂಡನ ಕಡೆ ತಿರುಗಿಯೂ ನೋಡಲಿಲ್ಲ. ಕೊಟ್ರನ ಕಿವಿ ಹಿಡಿದಳು. "ನನ್ನ ನೋಡಿ ಕೈ ಬೀಸಿದ್ಯಲ್ಲೋ, ಹೇಳಾಕ ಏನಾಗಿತ್ತು ನಿನಗ?"

"ನಿಂತಮ್ಯಾಲ ಹೇಳು ಅಂದಿದ್ದ ಖಾಜಾ."

ಗಿರಿಜಾ ಉಸಿರು ಬಿಟ್ಟಳು. "ಕೇಳಿಲ್ಲಿ. ಇನ್ನುಮ್ಯಾಲ ಗಾಡಿ ಹೊರಡೂಕಿಂತ ಮೊದಲ ಇಳಿದು ಸುತ್ತ ನೋಡಬೇಕು. ಗಾಡಿ ಹತ್ರ ಯಾರೇ ನಿಂತಿರಲಿ, ರಟ್ಟಿ ಹಿಡಿದು ಒಳಗ ಕುಂದ್ರಿಸು. ಅವರು ಏನಂದ್ರೂ ಕೇಳಬ್ಯಾಡ. ಬಾಗಿಲು ಹಾಕಿ ಆಮ್ಯಾಲ ರೈಟ್ ಅನ್ನು."

"ಈಗ ತಿಳೀತು ಅಕ್ಕ" ಅಂದ ಕೊಟ್ರ. ಇಷ್ಟು ಬಿಡಿಸಿ ಹೇಳಿದವರು ಇವಳೊಬ್ಬಳೇ ಅನಿಸಿತು ಅವನಿಗೆ.

ಮಾರನೇ ದಿನ ಒಂದು ಹಳ್ಳಿಯ ಬಾಗಿಲಲ್ಲಿ, ಬೇವಿನ ಮರದ ಕೆಳಗೆ ವ್ಯಾನು ನಿಲ್ಲಿಸಿ ಗಾಲಿಯ ಗಾಳಿ ನೋಡಿಕೊಂಡರು. ಆ ಕಡೆಯಿಂದ ಒಂದು ಮದುವೆ ದಿಬ್ಬಣ ಬರುತ್ತಿತ್ತು. ಬ್ಯಾಂಡಿನವರು, ಕುಣಿಯುವವರು ಇನ್ನೂ ಹಿಂದೆಯೇ ಇದ್ದರು. ಮದುಮಗ ಬಿಸಿಲಿಗೆ ಸಾಕಾಗಿ, ಕುದುರೆ ಇಳಿದು, ಮುಂದೆ ಬಂದು ಖಾಜಾನ ವ್ಯಾನಿಗೆ ಆತು ನೆರಳಲ್ಲಿ ನಿಂತ. ತಲೆಗೆ ರುಮಾಲು, ಸೊಂಟದಲ್ಲಿ ಕತ್ತಿ, ಮುಖದ ತುಂಬ ಹೂವಿನ ಪರದೆ.

ಕೊಟ್ರ ಇಳಿದು ಸುತ್ತ ನೋಡಿದ. ಒಬ್ಬರು ನಿಂತಿದ್ದಾರೆ. ರಟ್ಟೆ ಹಿಡಿದ, ಒಳಗೆ ಕೂರಿಸಿದ. ಅವರು ಏನೋ ಅಂದರು. ಕೊಟ್ರ ಕೇಳಲಿಲ್ಲ. ಬಾಗಿಲು ಹಾಕಿದ. "ರೈಟ್."

ವ್ಯಾನುಗಳು ಹಳ್ಳಿ ಬಿಟ್ಟು ತುಸು ದೂರ ಹೋಗುವುದರೊಳಗೆ ಹಿಂದೆ ಜೀಪು, ಟ್ರ್ಯಾಕ್ಟರು, ಮೋಟರ್ ಸೈಕಲ್ಲು ಧೂಳೆಬ್ಬಿಸಿಕೊಂಡು ಬಂದವು. ಜೀಪು ಮುಂದೆ ಬಂದು ಅಡ್ಡ ನಿಂತಿತು. ಕೋಲು ಹಿಡಿದವರು ದಬದಬ ಇಳಿದರು. ಪಂಪಣ್ಣ ಏನೂ ತಿಳಿಯದೆ ಖಾಜಾನ ವ್ಯಾನಿನ ಬಾಗಿಲು ತೆಗೆದ. ಮಂಚದ ಮೇಲೆ ಮದುಮಗ ಮೊಳಕಾಲು ಜೋಡಿಸಿ, ತೊಡೆ ಮೇಲೆ ಕತ್ತಿ ಇಟ್ಟುಕೊಂಡು, ಮಾತು ಬಿದ್ದುಹೋದವನಂತೆ ಕೂತಿದ್ದ. ಕೊಟ್ರ ಅವನಿಗೆ ಬೀಸಣಿಗೆ ಬೀಸುತ್ತಿದ್ದ.

"ಇವರ‍್ಯಾರೋ?" ಅಂದ ಪಂಪಣ್ಣ.

"ಗಾಡಿ ಹತ್ರ ನಿಂತಿದ್ದರು" ಅಂದ ಕೊಟ್ರ.

ಗಿರಿಜಾ ಬಾಯಿಗೆ ಸೆರಗು ಒತ್ತಿಕೊಂಡು ರಸ್ತೆಯಲ್ಲೇ ಕುಸಿದು ಕೂತಳು. ಖಾಜಾನಿಗೆ ಅಷ್ಟಿಷ್ಟು ಹಿಂದಿ ಬರುತ್ತಿತ್ತು. ಕೈ ಮುಗಿದ, ಕಾಲಿಗೆ ಬಿದ್ದ, ನಮ್ಮ ಹುಡುಗ ಪೆದ್ದ, ಕೆಟ್ಟವನಲ್ಲ ಅಂತ ಗೋಗರೆದ. ಮಗ ಹೋದ, ಮುಹೂರ್ತ ಹೋಯಿತು ಅಂತ ಗೋಳಾಡುತ್ತಿದ್ದ ಮದುಮಗನ ಅಪ್ಪ, ಮಗನ ಮೈಕೈ ಗಟ್ಟಿಯಾಗಿರೋದು ನೋಡಿ ಕೋಲು ಕೆಳಗಿಟ್ಟ. ಎರಡೂ ಕೈ ಚಾಚಿ ಮಗನ ಕಡೆ ಬಂದ.

ಅದೇ ಹೊತ್ತಿಗೆ ಪಂಪಣ್ಣ ಹಲ್ಲು ಕಚ್ಚಿ ಕೊಟ್ರನಿಗೆ ಹೇಳಿದ: "ಇವರನ್ನ ಎಲ್ಲಿಂದ ತಂದಿ, ಅಲ್ಲೇ ಹೆಂಗಿದ್ದರೋ ಹಂಗ ಬಿಟ್ಟು ಬಾ. ಈಗಿಂದೀಗ."

ಕೊಟ್ರ ತಡಮಾಡಲಿಲ್ಲ. ಮದುಮಗನನ್ನು ಎತ್ತಿ ಹೆಗಲಿಗೆ ಹಾಕಿದ. ಅಪ್ಪನ ಚಾಚಿದ ಕೈಗಳ ಪಕ್ಕದಲ್ಲೇ ನುಗ್ಗಿ, ದಿಬ್ಬಣದವರನ್ನು ಸೀಳಿಕೊಂಡು, ಬಂದ ದಾರಿಯಲ್ಲಿ ಓಡಿದ. ಕಣ್ಣೆದುರೇ ಮದುಮಗ ಎರಡನೇ ಸಲ ಹೋಗಿದ್ದ. ಆಮೇಲೆ ಜೀಪು, ಟ್ರ್ಯಾಕ್ಟರು, ಎರಡೂ ವ್ಯಾನು ಎಲ್ಲ ತಿರುಗಿಸಿಕೊಂಡು ಹಿಂದೆ ಬಿದ್ದರು. ಕೊಟ್ರ ಹೊಲದಲ್ಲಿ ಅಡ್ಡ ಹಾದಿ ಹಿಡಿದಿದ್ದ.

ಇವರೆಲ್ಲ ಹಳ್ಳಿ ಬಾಗಿಲಿಗೆ ಬಂದಾಗ ಹೆಣ್ಣಿನ ಕಡೆಯವರು ಆರತಿ ತಟ್ಟೆ ಹಿಡಿದು ಬೆಪ್ಪಾಗಿ ನಿಂತಿದ್ದರು. ಬೇವಿನ ಮರದ ಕೆಳಗೆ ಮದುಮಗ ಇದ್ದ. ರುಮಾಲು ನೆಟ್ಟಗಿತ್ತು, ಹೂವಿನ ಪರದೆ ನೆಟ್ಟಗಿತ್ತು. ಅವನು ಮೊದಲಿನ ಹಾಗೇ ಆತು ನಿಂತಿದ್ದ. ಆದರೆ ಆತುಕೊಳ್ಳೋಕೆ ಅಲ್ಲಿ ವ್ಯಾನು ಇರಲಿಲ್ಲವಲ್ಲ, ಅದಕ್ಕೆ ಕೊಟ್ರ ವ್ಯಾನಿನ ಜಾಗದಲ್ಲಿ ತಾನೇ ನಿಂತು, ಮದುಮಗನಿಗೆ ಬೆನ್ನು ಕೊಟ್ಟಿದ್ದ. ಉಸಿರೂ ಜೋರಾಗಿ ಬಿಡುತ್ತಿರಲಿಲ್ಲ.

ಅಪ್ಪ ಮಗನ ಕೈ ಹಿಡಿದ. ಬ್ಯಾಂಡಿನವರು ಊದೋದೋ ಬಿಡೋದೋ ತಿಳಿಯದೆ ನಿಂತರು. ಪಂಪಣ್ಣ ವ್ಯಾನಿನಿಂದ ಇಳಿದು, ತಲೆ ಮೇಲೆ ಕೈ ಹೊತ್ತು, "ಬಾರಲೇ ಈ ಕಡೆ" ಅಂದ.

ಕೊಟ್ರ ಅಲುಗಲಿಲ್ಲ. "ಮೊದಲ ಗಾಡಿ ತಂದು ಇಲ್ಲಿ ನಿಲ್ಸು ಪಂಪಣ್ಣ" ಅಂದ. "ನಾ ಸರಿದ್ರ ಇವರು ಬೀಳ್ತಾರ."