ಬಣ್ಣಕ್ಕೆ ಹಂಬಲಿಸಿದ ಮೊಟ್ಟೆ

ಕಾವಿನ ಬುಟ್ಟಿ ಬಿಟ್ಟು ಬಣ್ಣದ ಬುಟ್ಟಿಗೆ ಉರುಳಿದ ಮೊಟ್ಟೆಗೆ ಏನಾಯಿತು, ಹೇಳಿ ನೋಡೋಣ? ಹೊಳೆಯಲಿಲ್ಲವೇ? ಇರಲಿ, ನಾನೇ ಹೇಳಿಬಿಡುತ್ತೇನೆ.

ಈಸ್ಟರಿನ ಹಿಂದಿನ ದಿನ ಕಾರ್ಮಿನ್ ಬಾಯಿ ಹಬ್ಬದ ಮೊಟ್ಟೆಗಳಿಗೆ ಕೆಂಪು ಬಣ್ಣ ಹಾಕಲು ಒಲೆಯ ಮೇಲೆ ಈರುಳ್ಳಿ ಸಿಪ್ಪೆ ಕುದಿಸುತ್ತಿದ್ದರು. ಪಕ್ಕದಲ್ಲಿ ಎರಡು ಬುಟ್ಟಿ: ಒಂದರ ಮೊಟ್ಟೆಗಳು ಕೋಳಿಯ ಕಾವಿಗೆ, ಇನ್ನೊಂದರವು ಬಣ್ಣಕ್ಕೆ. ಇಪ್ಪತ್ತೊಂದು ದಿನ ಕೋಳಿಯ ಹೊಟ್ಟೆಯಡಿ ಯಾರು ಬಿದ್ದಿರುತ್ತಾರೆ ಎಂದುಕೊಂಡ ಒಂದು ಮೊಟ್ಟೆ ಮೆಲ್ಲಗೆ ಉರುಳಿ ಬಣ್ಣದ ಬುಟ್ಟಿ ಸೇರಿತು.

"ವಾಪಸ್ ಹೋಗು ಮಗಳೇ," ಎಂದಿತು ಪಾತ್ರೆಯೊಳಗಿನ ಸಿಪ್ಪೆ. "ನನ್ನ ಬಣ್ಣ ಹತ್ತಬೇಕಾದರೆ ನೀನು ಕುದಿಯಬೇಕು. ಕುದಿದ ಮೇಲೆ ಒಳಗಿನ ಜೀವ ಏಳುವುದಿಲ್ಲ."

"ಒಳಗಿನದನ್ನು ಯಾರು ನೋಡುತ್ತಾರೆ ಅಜ್ಜೀ?" ಎಂದಿತು ಮೊಟ್ಟೆ.

ಮರುದಿನ ಎಲ್ಲರೂ ಅದರ ಕೆಂಪನ್ನು ಹೊಗಳಿದರು. ಹೊಗಳಿದವರೇ ಒಡೆದು, ಉಪ್ಪು ಮೆಣಸು ಉದುರಿಸಿಕೊಂಡು ತಿಂದರು. ಚಿಪ್ಪು ಗೊಬ್ಬರದ ಗುಂಡಿಯಲ್ಲಿ ಅದೇ ಸಿಪ್ಪೆಯ ಪಕ್ಕಕ್ಕೆ ಬಿತ್ತು.

ಮೂರು ವಾರ ಕಳೆದ ಮೇಲೆ ಗುಂಡಿಯ ಬಳಿ ಚಿಂವ್ ಚಿಂವ್ ಸದ್ದಾಯಿತು. "ತಂಗೀ, ನಾನು ನಿನ್ನ ಬುಟ್ಟಿಯವಳೇ!" ಎಂದು ಚಿಪ್ಪು ಕೂಗಿತು.

ಕೋಳಿಮರಿ ಕತ್ತು ಓರೆ ಮಾಡಿ ನೋಡಿತು. "ಬಣ್ಣವೇನೋ ಚಂದ ಇದೆ ಅಕ್ಕಾ. ನಿನ್ನ ಮರಿ ಎಲ್ಲಿ?"

ಕೋಳಿಮರಿ ಚಿಪ್ಪಿನ ಒಂದು ಕೆಂಪು ಚೂರನ್ನು ಕುಕ್ಕಿ ನುಂಗಿ ತಾಯಿಯ ಹಿಂದೆ ಓಡಿತು. ಅಂದು ೨೦೨೫ರ ಮೇ ಹನ್ನೆರಡು, ಸೋಮವಾರ.