ಗಟ್ಟಿ ಕಾಲು

“ಗುರುಗಳೇ, ವಾಸಿಯಾಯ್ತು ಅಂತ ಯಾವಾಗ ಹೇಳಬೋದು?” ಎಂದು ಮಾದಪ್ಪ ಕೇಳಿದ.

ಕೇಳಿದ್ದು ಗರಡಿಮನೆಯ ಜಗಲಿಯಲ್ಲಿ. ಗುರುಗಳು ಹಳೆಯ ಪೈಲ್ವಾನರು, ಉಳುಕಿದ ಕೀಲು ಕೂರಿಸುವುದರಲ್ಲಿ ಪಳಗಿದ ಕೈ. ಮಾದಪ್ಪ ಅವರ ಹಳೆಯ ಶಿಷ್ಯ. ಮೂರು ವರ್ಷದ ಹಿಂದೆ ಇದೇ ಜಗಲಿಯಲ್ಲಿ ಕುಳಿತು ಬಿಕ್ಕಿ ಬಿಕ್ಕಿ ಅತ್ತಿದ್ದ. ಆಗ ಅವನ ಮಗ ಚೇತುವಿಗೆ ಮೂತ್ರಪಿಂಡದ ಕಾಯಿಲೆ ಬಂದು ಮೈಯೆಲ್ಲ ಊದಿಕೊಂಡಿತ್ತು. ಈ ದಿನ ಲಾಡಿನ ಡಬ್ಬಿ ಹಿಡಿದು ಬಂದಿದ್ದ. ಡಾಕ್ಟರು ಮಾತ್ರೆ ನಿಲ್ಲಿಸಿದ್ದರು.

“ಮೂರು ವರ್ಷ ಮನೇಲಿ ಎಲ್ಲರೂ ಉಪ್ಪು ಬಿಟ್ಟಿದ್ವಿ, ಗುರುಗಳೇ. ನಿನ್ನೆ ಚೇತು ಉಪ್ಪಿನಕಾಯಿ ನೆಕ್ಕಿದ. ನಾನು, ನನ್ನ ಹೆಂಡ್ತಿ ಅವನ ಮುಖಾನೇ ನೋಡ್ತಾ ಕೂತಿದ್ವಿ. ಇನ್ನು ನಮ್ಮನೆ ಕಷ್ಟ ಮುಗೀತು ಅನ್ನಬೋದಲ್ವಾ?”

“ದೊಡ್ಡವಳು ಹೇಗಿದ್ದಾಳೆ?”

“ಅವಳಿಗೇನು ಗುರುಗಳೇ, ಆರನೇ ಕ್ಲಾಸು. ಗಟ್ಟಿ ಹುಡುಗಿ. ನಾವು ಆಸ್ಪತ್ರೆಗೆ ಹೋದ್ರೆ ಮನೆ ಅವಳೇ ನೋಡ್ಕೊತಾಳೆ. ಅವಳ ಚಿಂತೆ ನಮಗಿಲ್ಲ.”

ಬಾಯಿಗೆ ಹೋಗುತ್ತಿದ್ದ ಲಾಡನ್ನು ಗುರುಗಳು ತಟ್ಟೆಗಿಟ್ಟರು. “ಕೂತ್ಕೊ, ಒಂದು ಕತೆ ಹೇಳ್ತೀನಿ” ಎಂದರು. ಅಖಾಡದ ಮಣ್ಣು ಅಗೆಯುತ್ತಿದ್ದ ಶಿಷ್ಯರೂ ಗುದ್ದಲಿ ಬಿಟ್ಟು ಬಂದು ಕುಳಿತರು.

ಒಬ್ಬ ಕಬಡ್ಡಿ ಆಟಗಾರನಿದ್ದ. ಆಟವೇ ಅವನ ಅನ್ನ. ಎದುರಾಳಿಯ ಅಂಕಣಕ್ಕೆ ನುಗ್ಗಿ ಮುಟ್ಟಿ ಬರುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಒಂದು ಪಂದ್ಯದಲ್ಲಿ ಅವನ ಎಡ ಮೊಣಕಾಲು ಕೆಟ್ಟಿತು. ಕೀಲಿನೊಳಗೆ ಮೂಳೆಯ ತುದಿಗೆ ಒಂದು ನುಣುಪಾದ ಮೆತ್ತೆ ಇರುತ್ತದೆ. ಅದು ಒಡೆದು ಚೂರು ಚೂರಾಗಿತ್ತು. ವೈದ್ಯರು ಕೀಲು ಬಿಚ್ಚಿ, ಕೆಟ್ಟ ಜಾಗಕ್ಕೆ ಒಳ್ಳೆಯ ತುಂಡು ನೆಟ್ಟು, ಹೊಲಿದರು. “ಆರು ವಾರ ಎಡಗಾಲು ನೆಲಕ್ಕೆ ಊರಬೇಡ. ಆಮೇಲೆ ಎರಡೂ ಕಾಲಿಗೆ ವ್ಯಾಯಾಮ ಮಾಡು. ಒಂದು ವರ್ಷ ಆಟದ ಹೆಸರೆತ್ತಬೇಡ” ಎಂದರು. ತಂಡದವರು ಒಂದೇ ವರ್ಷ ಅವನ ಜಾಗ ಕಾಯುತ್ತೇವೆ ಎಂದರು. ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ.

ಅವನಿಗೆ ಬೇರೆ ವಿದ್ಯೆ ಬರುತ್ತಿರಲಿಲ್ಲ. ಆದ್ದರಿಂದ ಎಡಗಾಲನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ. ಆರು ವಾರ ಎಂದಿದ್ದರೆ ಅವನು ಹತ್ತು ವಾರ ಊರಲಿಲ್ಲ. ಮೆಟ್ಟಿಲು ಹತ್ತುವಾಗ ಬಲಗಾಲು ಮೊದಲು. ಇಳಿಯುವಾಗಲೂ ಭಾರವೆಲ್ಲ ಬಲಗಾಲಿಗೆ. ಬಸ್ಸಿಗೆ ಕಾಯುವಾಗ, ದೇವರಿಗೆ ಕೈ ಮುಗಿಯುವಾಗ, ಒಂದೇ ಕಾಲಲ್ಲಿ ಕೊಕ್ಕರೆಯ ಹಾಗೆ ನಿಲ್ಲುತ್ತಿದ್ದ. ಬಲಗಾಲಿಗೆ ಹೇಳಿದ ವ್ಯಾಯಾಮದ ಹೊತ್ತನ್ನೂ ತೆಗೆದು ಎಡಗಾಲಿಗೇ ಕೊಟ್ಟ. ಅವನ ತಾಯಿ ಅಮ್ಮನವರಿಗೆ ಬೆಳ್ಳಿಯ ಕಾಲು ಹರಕೆ ಹೊತ್ತಿದ್ದಳು. ಅಕ್ಕಸಾಲಿಗನ ಎದುರು ಕುಳಿತು, “ಎಡಗಾಲೇ ಆಗಬೇಕು, ಅದಲು ಬದಲು ಮಾಡೀಯೆ” ಎಂದು ಎರಡು ಸಲ ಹೇಳಿ ಮಾಡಿಸಿದಳು. ದಾರಿಯಲ್ಲಿ ಸಿಕ್ಕವರೆಲ್ಲ ಬಗ್ಗಿ ಎಡ ಮೊಣಕಾಲನ್ನೇ ಮಾತಾಡಿಸುತ್ತಿದ್ದರು. ಕಾಲು ಕೆಟ್ಟವನಿಗೆ ಕೇರಿಯೆಲ್ಲ ವೈದ್ಯರೇ, ನಿಮಗೆ ಗೊತ್ತಲ್ಲ.

ಒಂದು ದಿನ ಎಡಗಾಲಿಗೆ ಐಸು ಒತ್ತುತ್ತಿದ್ದ ಹೆಂಡತಿ ಕೈ ನಿಲ್ಲಿಸಿದಳು.

“ಬಲಗಾಲು ಊದ್ಕಂಡಂಗದೆ, ವಸಿ ನೋಡ್ಕಳಿ.”

“ಅದ್ಕೇನಾಯ್ತದೆ ಬುಡು, ಅದು ಗಟ್ಟಿ ಕಾಲು. ನೀನು ಈ ಕಡೆ ಒತ್ತು.”

ಅವಳು ಈ ಕಡೆ ಒತ್ತಿದಳು. ಊತ ಒಮ್ಮೆ ಇಳಿಯುತ್ತಿತ್ತು, ಒಮ್ಮೆ ಏರುತ್ತಿತ್ತು. ಅವನು ಅದನ್ನು ವೈದ್ಯರಿಗೂ ಹೇಳಲಿಲ್ಲ. ಅವರು ಕೇಳುತ್ತಿದ್ದುದು ಎಡಗಾಲನ್ನು. ಸ್ಕ್ಯಾನ್ ಚಿತ್ರ ತೆಗೆಯುತ್ತಿದ್ದುದೂ ಎಡಗಾಲಿನದೇ.

ವರ್ಷ ತುಂಬಿತು. ವೈದ್ಯರು ಕೊನೆಯ ಚಿತ್ರ ನೋಡಿ ಅವನ ಬೆನ್ನು ತಟ್ಟಿದರು. ಎಡಗಾಲು ಪೂರ್ತಿ ವಾಸಿಯಾಗಿತ್ತು. ಅವನ ಮನೆಯವರು ಬೀದಿಗೆಲ್ಲ ಸಿಹಿ ಹಂಚಿದರು.

ಪಂದ್ಯದ ದಿನ ಜನ ಕಿಕ್ಕಿರಿದಿದ್ದರು. ಅವನು ನೆಲ ಮುಟ್ಟಿ ನಮಸ್ಕರಿಸಿ ಎದುರಾಳಿಯ ಅಂಕಣಕ್ಕೆ ನುಗ್ಗಿದ. ಎಡಗಾಲು ಚಾಚಿ ಒಬ್ಬನನ್ನು ಮುಟ್ಟಿದ. ಎಡಗಾಲನ್ನು ನೆಲಕ್ಕೂರಿ, ಹಿಡಿಯಲು ಬಂದ ಇಬ್ಬರ ಮೇಲಿಂದ ಹಾರಿದ. ಎಂಥ ಹಾರಾಟ ಅದು! ಜನ ಎದ್ದು ನಿಂತು ಕೂಗಿದರು. ಅವನು ಬಲಗಾಲ ಮೇಲೆ ಇಳಿದ.

ಒಣಗಿದ ಸೌದೆ ಮುರಿದ ಹಾಗೆ ಸದ್ದಾಯಿತು. ನಡುಗೆರೆಗೆ ಒಂದು ಮೊಳ ದೂರದಲ್ಲಿ ಅವನು ಬಿದ್ದಿದ್ದ. ಎರಡೂ ಕೈಯಲ್ಲಿ ಎಡ ಮೊಣಕಾಲನ್ನು ಅವುಚಿ ಹಿಡಿದಿದ್ದ.

ನಗಬೇಡಿ. ಒಂದು ವರ್ಷ ಅವನ ಕೈ ಕಲಿತದ್ದು ಅದೊಂದನ್ನೇ.

ತಂಡದ ವೈದ್ಯರು ಓಡಿ ಬಂದರು. ಅವರೂ ಎಡಗಾಲನ್ನೇ ಹಿಡಿದರು. ಮಡಚಿದರು, ಬಿಡಿಸಿದರು, ಒತ್ತಿದರು. “ಇದಕ್ಕೇನೂ ಆಗಿಲ್ಲವಲ್ಲ!” ಎಂದರು. ಅವನು ಹೊರಳಾಡುತ್ತ, ನೋವು ನೋವು ಎಂದು ಅದೇ ಕಾಲನ್ನು ಅವರ ಕೈಗೆ ಒತ್ತಿ ಒತ್ತಿ ಕೊಡುತ್ತಿದ್ದ. ಹೆಂಡತಿ ಮೇಲಿನ ಸಾಲಿನಿಂದ ಎಡಗಾಲು, ಎಡಗಾಲು ಎಂದು ಕಿರುಚುತ್ತಿದ್ದಳು. ಕೊನೆಗೆ ಹೇಳಿದವನು ಎದುರು ತಂಡದ ಒಬ್ಬ ಆಟಗಾರ. ಅವನಿಗೆ ಈ ಮನುಷ್ಯನ ಯಾವ ಕಾಲು ಕೆಟ್ಟಿತ್ತೆಂಬುದೇ ತಿಳಿದಿರಲಿಲ್ಲ.

“ಸಾರ್, ಈ ಕಡೆ ನೋಡಿ.”

ಬಲಗಾಲು ಮೊಣಕಾಲಿನ ಕೆಳಗೆ ಬೇರೆ ದಿಕ್ಕಿಗೆ ತಿರುಗಿತ್ತು.

ವೈದ್ಯರು ಬಲ ಮೊಣಕಾಲನ್ನು ಬಿಚ್ಚಿ ನೋಡಿದರು. ಒಳಗೆ ಮೆತ್ತೆಯೇ ಇರಲಿಲ್ಲ. ಮೂಳೆಗೆ ಮೂಳೆ ತೀಡಿ ತೀಡಿ ಸವೆದುಹೋಗಿತ್ತು. ಅದು ಒಂದು ದಿನದ ಪೆಟ್ಟಲ್ಲ, ಒಂದು ವರ್ಷದ್ದು. ಇನ್ನು ನೆಡಲು ಜಾಗವಿಲ್ಲ ಎಂದರು. ಅವನು ಮತ್ತೆ ಅಂಕಣಕ್ಕೆ ಇಳಿಯಲಿಲ್ಲ. ಈಗ ಊರುಗೋಲು ಹಿಡಿದು ನಡೆಯುತ್ತಾನೆ. ಎಡಗಾಲು ಮಾತ್ರ ಇವತ್ತಿಗೂ ಚೆನ್ನಾಗಿದೆ.

ಗುರುಗಳು ಕತೆ ನಿಲ್ಲಿಸಿದರು. ಮಾದಪ್ಪನಿಗೆ ಕೂರಲಾಗಲಿಲ್ಲ, ಎದ್ದೇಬಿಟ್ಟ. ಅವನ ಮುಖ ಕೆಂಪಾಗಿತ್ತು.

“ಇವನೆಂಥ ಮನುಷ್ಯ, ಗುರುಗಳೇ! ವರ್ಷವಿಡೀ ಇವನನ್ನ ಹೊತ್ತಿದ್ದು ಆ ಕಾಲು ತಾನೆ? ಒಂದು ದಿನ, ಒಂದೇ ಒಂದು ದಿನ ಅದನ್ನ ಮುಟ್ಟಿ ನೋಡಬಾರ್ದಿತ್ತಾ?”

ಗುರುಗಳು ಲಾಡಿನ ತಟ್ಟೆಯನ್ನು ಅವನ ಕಡೆಗೆ ಮೆಲ್ಲಗೆ ಸರಿಸಿದರು.

“ಮಾದಪ್ಪ, ಮೂರು ವರ್ಷದ ಹಿಂದೆ ಇಲ್ಲಿ ಕೂತು ಅತ್ತಾಗ್ಲೂ ನೀನು ಮಗಳು ಆರನೇ ಕ್ಲಾಸು ಅಂತಲೇ ಹೇಳಿದ್ದೆ.”