ತುಳಿಯದ ಬೆಟ್ಟಕ್ಕೆ ಆ ಹೆಸರು ಬಂದದ್ದು

ಸೀಗೆಬಾಳು ಊರಿನ ಬೆನ್ನಿಗೆ ನಿಂತಿರುವ ಬೆಟ್ಟವನ್ನು ತುಳಿಯದ ಬೆಟ್ಟ ಎಂದು ಕರೆಯುತ್ತಾರೆ. ಹೆಸರು ಕೇಳಿದ ಹೊಸಬರು ಮೊದಲು ನಗುತ್ತಾರೆ. ತುಳಿಯದೆ ಬೆಟ್ಟ ಹತ್ತುವುದು ಹೇಗೆ, ರೆಕ್ಕೆ ಕಟ್ಟಿಕೊಂಡು ಬರಬೇಕೇ ಎಂದು ನನ್ನನ್ನೇ ಕೇಳಿದವರಿದ್ದಾರೆ. ಧಾರಾಳವಾಗಿ ಹತ್ತಬಹುದು. ಬುಡದಿಂದ ನೆತ್ತಿಯವರೆಗೆ ಕಲ್ಲು ಹಾಸಿದ ದಾರಿಯಿದೆ, ಕಲ್ಲು ಇಲ್ಲದ ಕಡೆ ಮರದ ಬೇರುಗಳಿವೆ. ಕಾಲಿಡುವುದು ಕಲ್ಲಿನ ಮೇಲೆ, ಇಲ್ಲವೇ ಬೇರಿನ ಮೇಲೆ. ಮಣ್ಣಿನ ಮೇಲೆ ಮಾತ್ರ ಅಲ್ಲ. ನಮ್ಮೂರಿನ ದನಗಾಹಿಗಳು ಮೇವಿಲ್ಲದ ವರ್ಷದಲ್ಲೂ ದನವನ್ನು ಅತ್ತ ಅಟ್ಟುವುದಿಲ್ಲ, ಎಮ್ಮೆಯನ್ನಂತೂ ಬೆಟ್ಟದ ನೆರಳಿಗೂ ಬಿಡುವುದಿಲ್ಲ. ಸುತ್ತಲಿನ ಗುಡ್ಡಗಳೆಲ್ಲ ಶಿವರಾತ್ರಿ ಕಳೆಯುವುದರೊಳಗೆ ಬೋಳು ಮಂಡೆಯಾಗಿ ನಿಂತಿರುವಾಗ ಈ ಬೆಟ್ಟದ ತಲೆಯ ಮೇಲೆ ಮಾತ್ರ ಕಾಡು ಕಪ್ಪಗೆ ಕವಿದುಕೊಂಡಿರುತ್ತದೆ. ಅದರ ಕೊರಕಲಿನಿಂದ ಇಳಿಯುವ ಸೀಗೆಹಳ್ಳ ಬೇಸಿಗೆಯಲ್ಲಿ ಸಣ್ಣಗಾಗುತ್ತದೆಯೇ ಹೊರತು ನಿಂತದ್ದನ್ನು ನಾನಂತೂ ಕಂಡಿಲ್ಲ, ನನ್ನ ಅಜ್ಜನೂ ಕಂಡಿರಲಿಲ್ಲ.

ಬಂದವರಿಗೆ ನಾನು ದಾರಿಯ ಅಂಚಿನಿಂದ ಒಂದು ಹಿಡಿ ಮಣ್ಣನ್ನು ಎತ್ತಿ ಕೈಗೆ ಕೊಡುತ್ತೇನೆ. ಕಣ್ಣಿಗೆ ಅದು ಹೊಲದ ಎರೆಮಣ್ಣಿನಷ್ಟೇ ಕಪ್ಪು. ಕೈಗೆ ಬಂದಾಗ ತೂಕವೇ ಇಲ್ಲ, ಒಲೆಯ ಬೂದಿ ಹಿಡಿದಂತೆ. ಒತ್ತಿದರೆ ಮುದ್ದೆ ಕಟ್ಟುತ್ತದೆ. ಅದೇ ಮುದ್ದೆಯನ್ನು ಎರಡು ಬೆರಳ ನಡುವೆ ಹಾಕಿ ಉಜ್ಜಿದರೆ ಒಮ್ಮೆಲೇ ಸೋತು ಜಾರುತ್ತದೆ, ಒಳಗಿನಿಂದ ನೀರು ಬೆವರುತ್ತದೆ. ಉಜ್ಜುವುದನ್ನು ನಿಲ್ಲಿಸಿ ಸುಮ್ಮನಿದ್ದರೆ ಮತ್ತೆ ತಾನಾಗಿ ಗಟ್ಟಿಯಾಗುತ್ತದೆ. ಇಷ್ಟು ವಯಸ್ಸಾದರೂ ಇದನ್ನು ನೋಡುವಾಗ ನನಗೆ ಮೈ ಜುಮ್ಮೆನ್ನುವುದು ತಪ್ಪಿಲ್ಲ. ಹಾಗೆಂದು ಇದರಲ್ಲಿ ರಾಗಿ ಬಿತ್ತಿ ನೋಡಿ, ಒಂದು ಕಾಳೂ ತುಂಬುವುದಿಲ್ಲ. ಗೊಬ್ಬರ ಹಾಕಿದರೆ ಅದನ್ನು ತಾನೇ ನುಂಗಿ ಕುಳಿತುಬಿಡುತ್ತದೆ, ಬೆಳೆಗೆ ಬಿಡುವುದಿಲ್ಲ, ಅಂಥ ಜಿಪುಣ ಮಣ್ಣು. ಕಾಡಿನ ಮರಕ್ಕೆ ಮಾತ್ರ ಕೈಬಿಚ್ಚಿ ಕೊಡುತ್ತದೆ.

ಕೆಲವು ವರ್ಷಗಳ ಹಿಂದೆ ಮಣ್ಣು ಪರೀಕ್ಷೆ ಮಾಡುವವರು ಬಂದು ದಾರಿಯ ಪಕ್ಕದಲ್ಲಿ ಗುಂಡಿ ತೋಡಿದರು. ಮೇಲೆ ಎಲೆ ಕೊಳೆತ ಕಪ್ಪು ಪದರ, ಅದರ ಕೆಳಗೆ ಕಂದು, ಅದರ ಅಡಿಯಲ್ಲಿ ಅಂಗೈ ದಪ್ಪದ ಬಿಳಿಬೂದು ಗೆರೆ, ಆಮೇಲೆ ನಮ್ಮ ಸೀಮೆಯ ಕೆಂಪು ನೆಲ. ಆ ಬೂದು ಗೆರೆಯನ್ನು ಅವರು ಬೆರಳಿನಿಂದ ಕೆರೆದು ನೋಡಿದರು. ಇದು ಜ್ವಾಲಾಮುಖಿಯ ಬೂದಿ, ಇಲ್ಲಿನದಲ್ಲ, ಸಮುದ್ರದ ಆಚೆಯಿಂದ ಗಾಳಿಯಲ್ಲಿ ಬಂದು ಬಿದ್ದದ್ದು ಎಂದರು. ಆಮೇಲೆ ಈ ಮಣ್ಣನ್ನು ಕಪ್ಪು ಮಣ್ಣಿನ ವರ್ಗಕ್ಕೆ ಸೇರಿಸುವುದೋ, ಕಾಡುಮಣ್ಣಿನ ವರ್ಗಕ್ಕೋ, ಬೂದಿಮಣ್ಣಿನ ವರ್ಗಕ್ಕೋ ಎಂದು ಅವರೊಳಗೇ ಜಗಳ ಹತ್ತಿತು. ಸಂಜೆಯಾದರೂ ಮುಗಿಯಲಿಲ್ಲ. ನಾನು ಒಳಗೊಳಗೇ ನಕ್ಕೆ. ಅದೇ ಪ್ರಶ್ನೆ ಈ ಬೆಟ್ಟದ ಮೇಲೆ ಹಿಂದೆಯೂ ಎದ್ದಿತ್ತು, ಆಗ ಅದರ ಉತ್ತರದ ಮೇಲೆ ಎರಡು ಜೀವ ನಿಂತಿದ್ದವು.

ಬೂದಿಯ ವಿಷಯವನ್ನು ನಮ್ಮ ಹಿರಿಯರು ಯಾವ ಗುಂಡಿಯನ್ನೂ ತೋಡದೆ ಹೇಳಿದ್ದರು. ಊರುಗಳಿಗೆ ಇನ್ನೂ ಹೆಸರಿಡದ ಕಾಲದಲ್ಲಿ ಒಂದು ಬೆಳಿಗ್ಗೆ ಸೂರ್ಯ ಹುಟ್ಟಿದರೂ ಬೆಳಕಾಗಲಿಲ್ಲವಂತೆ. ಹಕ್ಕಿಗಳು ಗೂಡು ಬಿಡಲಿಲ್ಲ. ಮಳೆ ಬರಬೇಕಾದ ಆಕಾಶದಿಂದ ಸದ್ದಿಲ್ಲದೆ ಬೂದಿ ಇಳಿಯಿತು. ಅದೆಲ್ಲಿಯ ಬೆಂಕಿ, ಯಾರ ಮನೆ ಸುಟ್ಟ ಬೂದಿ ಎಂದು ಯಾರಿಗೂ ತಿಳಿಯಲಿಲ್ಲ. ಮಳೆಗಾಲ ಬಂದಾಗ ಬೇರೆ ಗುಡ್ಡಗಳೆಲ್ಲ ಮೈ ತೊಳೆದುಕೊಂಡವು. ಈ ಬೆಟ್ಟ ಮಾತ್ರ, ಎಲ್ಲಿಂದಲೋ ಬಂದ ಅನಾಥ ಬೂದಿಯನ್ನು ತೊಳೆದು ಕಳಿಸಲು ಮನಸ್ಸಾಗದೆ, ತನ್ನ ಮರಗಳ ಬೇರಿನಲ್ಲಿ ಹಿಡಿದು ಮಡಿಲಲ್ಲಿಟ್ಟುಕೊಂಡಿತು ಎನ್ನುತ್ತಾರೆ. ಆ ಬೂದಿಯ ಮೇಲೆ ಎಲೆ ಬಿದ್ದು, ಕೊಳೆತು, ಮತ್ತೆ ಎಲೆ ಬಿದ್ದು, ಎಷ್ಟೋ ತಲೆಮಾರಿನ ಮೇಲೆ ಈ ಮಣ್ಣಾಯಿತು.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಸೀಗೆಬಾಳಿನ ಯಜಮಾನನಾಗಿದ್ದವನು ಬೀರೇಗೌಡ. ಕೆಟ್ಟವನಲ್ಲ, ಆದರೆ ಹರಿದು ಹೋಗುವ ನೀರನ್ನು ನೋಡಿದರೆ ಅವನಿಗೆ ಹೊಟ್ಟೆ ಉರಿಯುತ್ತಿತ್ತು. ಬೆಟ್ಟದ ಹೆಗಲಿನಲ್ಲಿ ಎರಡು ಬಂಡೆಗಳ ನಡುವೆ ಹಳ್ಳಕ್ಕೆ ಅಡ್ಡಲಾಗಿ ಏರಿ ಹಾಕಿ ಕೆರೆ ಮಾಡಿದರೆ ಊರಿನ ಎರಡೂ ಮಗ್ಗುಲು ಗದ್ದೆಯಾಗುತ್ತದೆ ಎಂದು ಲೆಕ್ಕ ಹಾಕಿ, ಮಣ್ಣು ಕೆಲಸದಲ್ಲಿ ಹೆಸರಾಗಿದ್ದ ಗಂಗಾಭೋವಿಯನ್ನು ಅವನ ಜನರೊಂದಿಗೆ ಕರೆಸಿದ. ಗಂಗಾಭೋವಿ ಕಟ್ಟಿದ ಏರಿ ಅದುವರೆಗೆ ಎಲ್ಲೂ ಒಡೆದಿರಲಿಲ್ಲ. ಅವರ ಕುಲದಲ್ಲಿ ಎರಡು ಕಟ್ಟಳೆಗಳಿದ್ದವು. ಕೆಲಸ ಹಿಡಿಯುವ ದಿನ ಹಿರಿಯನು ಗುದ್ದಲಿ ಮುಟ್ಟಿ, ಈ ಏರಿ ಒಡೆದರೆ ಮತ್ತೆ ಗುದ್ದಲಿ ಹಿಡಿಯೆನು ಎಂದು ಆಣೆ ಇಡಬೇಕು. ಕೆಲಸ ಮುಗಿದ ಮೇಲೆ ಮೊದಲ ಮಳೆಗಾಲವನ್ನು ಹೆಂಡತಿ ಮಕ್ಕಳೊಡನೆ ಆ ಏರಿಯ ಅಡಿಯಲ್ಲೇ ಗುಡಿಸಲು ಹಾಕಿಕೊಂಡು ಕಳೆಯಬೇಕು. ತಾನು ಕಟ್ಟಿದ್ದರ ಕೆಳಗೆ ತಾನೇ ಮಲಗದವನನ್ನು ಯಾರೂ ನಂಬುವುದಿಲ್ಲ ಎಂಬುದು ಅವರ ಮಾತು.

ಮಣ್ಣು ನೋಡುವ ದಿನ ಗಂಗಾಭೋವಿ ಕಾಡಿನೊಳಗೆ ಕುಳಿತು ಒಂದು ಉಂಡೆಯನ್ನು ಬಹಳ ಹೊತ್ತು ಅಂಗೈಯಲ್ಲಿ ಉರುಳಿಸಿದ, ಮೂಸಿದ, ನಾಲಗೆಗೆ ಹಚ್ಚಿದ. ಎರೆ, ಜೇಡಿ, ಮರಳು, ಕೆಂಪು, ಸುಣ್ಣದ ಮಣ್ಣು, ಚೌಳು, ಹೀಗೆ ಅವನ ಕೈಗೆ ಗೊತ್ತಿದ್ದ ಮಣ್ಣಿನ ಜಾತಿಗಳಲ್ಲಿ ಯಾವುದಕ್ಕೂ ಇದು ಒಗ್ಗಲಿಲ್ಲ. ಎರೆಯಂತೆ ಕಪ್ಪು, ಆದರೆ ಒಣಗಿದಲ್ಲಿ ಬಿರುಕಿಲ್ಲ. ಜೇಡಿಯಂತೆ ನೀರು ಹಿಡಿಯುತ್ತದೆ, ಆದರೆ ಅಂಟಿಲ್ಲ.

"ಬುದ್ಧೀ, ಇದಕ್ಕೆ ನಮ್ಮಲ್ಲಿ ಹೆಸ್ರೇ ಇಲ್ಲ. ಇದು ಯಾವ ಜಾತಿ ಅಂತ ತಿಳೀದೆ ಹೆಂಗೆ ಏರಿ ಹಾಕ್ಲಿ?" ಎಂದು ಅವನು ಗೌಡನಿಗೆ ಹೇಳಿದ.

"ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ. ಮಣ್ಣಲ್ಲೇ ಹುಟ್ಟಿ ಮಣ್ಣಲ್ಲೇ ಬೆಳ್ದೋನು, ಮಣ್ಣಿನ ಹೆಸ್ರು ಗೊತ್ತಿಲ್ಲ ಅಂತೀಯಲ್ಲಯ್ಯ!" ಎಂದ ಗೌಡ. ಸುತ್ತ ನಿಂತಿದ್ದವರು ಗೊಳ್ಳೆಂದು ನಕ್ಕರು.

ಆ ನಗು ಗಂಗಾಭೋವಿಗೆ ಚುಚ್ಚಿತು. ಕಪ್ಪಗಿದೆಯಲ್ಲ, ಎರೆ ಎಂದೇ ಇಟ್ಟುಕೊಳ್ಳಿ ಎಂದುಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎರೆ ಎಂದ ಮೇಲೆ ಎರೆಗೆ ಮಾಡುವ ಉಪಚಾರವನ್ನೇ ಮಾಡಬೇಕು. ಎರೆಮಣ್ಣಿನ ಏರಿಯನ್ನು ಎಮ್ಮೆಯ ಹಿಂಡಿನಿಂದ ತುಳಿಸಿ ಗಟ್ಟಿ ಮಾಡುವುದು ಅವರ ರೂಢಿ. ಎಷ್ಟು ತುಳಿತವೋ ಅಷ್ಟು ಗಟ್ಟಿ. ಅವರು ಬೆಟ್ಟದ ಒಂದು ಮಗ್ಗುಲಿನ ಮರ ಕಡಿದು, ಮಣ್ಣು ಅಗೆದು, ಏರಿಗೆ ಸುರಿದು, ಊರಿನ ಎಮ್ಮೆಗಳನ್ನು ಅದರ ಮೇಲೆ ಹಿಂದೆ ಮುಂದೆ ನಡೆಸಿದರು. ಏರಿ ಗಟ್ಟಿಯಾಗುವ ಬದಲು ಅಂಬಲಿಯಾಯಿತು. ಇನ್ನಷ್ಟು ತುಳಿಸಿದರು, ಇನ್ನಷ್ಟು ಕುಸಿಯಿತು. ಯುಗಾದಿಗೆ ಕೆಲಸ ನಿಲ್ಲಿಸಿ ಹಬ್ಬ ಮುಗಿಸಿ ಬಂದು ನೋಡಿದರೆ ಅಂಬಲಿಯಾಗಿದ್ದ ಏರಿ ಗೋಡೆಯಂತೆ ನಿಂತಿತ್ತು. ಬಿಸಿಲಿಗೆ ಒಣಗಿರಬೇಕು ಎಂದುಕೊಂಡರು. ಬೆಟ್ಟ ಅಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಏರಿ ಎದ್ದಿತು. ಹೆಚ್ಚಿನ ನೀರು ಹರಿದುಹೋಗಲು ಬಂಡೆಯ ಮಗ್ಗುಲಿಗೆ ಕೋಡಿ ಬಿಡುವುದೊಂದು ಬಾಕಿಯಿತ್ತು, ಅಷ್ಟರಲ್ಲಿ ಮಳೆ ಮುಂಚೆಯೇ ಇಳಿಯಿತು. ಕಟ್ಟಳೆಯಂತೆ ಗಂಗಾಭೋವಿಯ ಸಂಸಾರ ಏರಿಯ ಅಡಿಯ ಗುಡಿಸಲಿಗೆ ಬಂದಿತ್ತು. ಅವನ ಒಬ್ಬಳೇ ಮಗಳು ಮುನಕ್ಕ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಮಣ್ಣು ಕೆಲಸದವರ ಮಗಳಿಗೆ ತವರೆಂದರೆ ಅಪ್ಪ ಅಮ್ಮ ಆ ವರ್ಷ ಎಲ್ಲಿ ಗುಡಿಸಲು ಹಾಕಿದ್ದಾರೋ ಅದೇ. ಅವಳಿಗೆ ನೋವು ಶುರುವಾದ ದಿನವೇ ಬೆಟ್ಟದ ಮೇಲೆ ಮಳೆ ಹುಯ್ಯಿತು. ಮಧ್ಯಾಹ್ನದ ಹೊತ್ತಿಗೆ ನೀರು ಏರಿಯ ಕುತ್ತಿಗೆಗೆ ಬಂತು, ಏರಿಯ ಬುಡ ಬೆವರತೊಡಗಿತು. ಬೆವರುವ ಎರೆ ಏರಿಗೆ ಮದ್ದು ತುಳಿತವೊಂದೇ. ಗಂಗಾಭೋವಿ ಕೂಗಿ ಹೇಳಿದ, ಗೌಡ ಊರಿನ ಎಮ್ಮೆಗಳನ್ನೆಲ್ಲ ಹೊಡೆಸಿಕೊಂಡು ಬಂದ, ಹಿಂಡು ಏರಿಯ ಮೇಲೆ ಹತ್ತಿತು.

ಮೊದಲು ಗೊರಸು ಮುಳುಗಿತು, ಆಮೇಲೆ ಮೊಣಕಾಲು. ನಿಂತವರ ಕಾಲ ಕೆಳಗೆ ಏರಿ ಈ ತುದಿಯಿಂದ ಆ ತುದಿಗೆ ನಡುಗಿತು. ಅದೇ ಹೊತ್ತಿಗೆ ಗಂಗಾಭೋವಿಯ ಹೆಂಡತಿ ಯಂಗಟಮ್ಮ ಕೆಳಗಿನಿಂದ ಓಡಿ ಬಂದು ಕೂಗಿದಳು: "ಮುನಕ್ಕನಪ್ಪಾ, ಕೂಸು ತಲೆ ತೋರ್ಸ್ತಾ ಅದೆ! ಅವಳನ್ನ ಈಗ ಎತ್ತಾಕ್ಕಾಗಕಿಲ್ಲ. ಏರಿ ನಿಲ್ಸು, ಹೆಂಗಾದ್ರೂ ನಿಲ್ಸು!"

ಗಂಗಾಭೋವಿ ಬಗ್ಗಿ, ಎಮ್ಮೆಯ ಕಾಲ ಕೆಳಗಿನ ಮಣ್ಣನ್ನು ಒಂದು ಹಿಡಿ ತೆಗೆದ. ಅದು ಬೆರಳ ಸಂದಿನಿಂದ ಜಾರಿ ಹರಿಯಿತು. ಸುತ್ತ ಅಷ್ಟು ಗದ್ದಲವಿದ್ದರೂ ಅವನು ಕೈಯನ್ನು ಅಲುಗಿಸದೆ ನಿಂತ. ಅಂಗೈಯಲ್ಲಿ ಉಳಿದ ಚೂರು ಅವನ ಕಣ್ಣೆದುರಿಗೇ ಮೆಲ್ಲಗೆ ಗಟ್ಟಿಯಾಯಿತು. ಯುಗಾದಿಗೆ ಏರಿ ಗಟ್ಟಿಯಾದದ್ದು ಬಿಸಿಲಿಗಲ್ಲ, ಯಾರೂ ತುಳಿಯದೆ ಬಿಟ್ಟದ್ದಕ್ಕೆ ಎಂದು ಆಗ ಅವನಿಗೆ ಅರ್ಥವಾಯಿತು.

"ಎಮ್ಮೆ ಇಳ್ಸಿ! ಎಲ್ಲಾರೂ ಇಳೀರಿ ಏರಿಯಿಂದ!"

"ತಲೆ ಕೆಟ್ಟದಾ ನಿಂಗೆ? ತುಳಿಸ್ದೆ ಬುಟ್ರೆ ನಿನ್ನ ಮಗಳೇ ಕೊಚ್ಕೊಂಡೋಯ್ತಾಳೆ ಕಣಯ್ಯ!" ಎಂದ ಗೌಡ.

"ತುಳಿದ್ರೇ ಹೋಗಾದು ಬುದ್ಧಿ. ಇದು ಎರೆ ಅಲ್ಲ. ನಾನು ಇದಕ್ಕೆ ಸುಳ್ಳು ಹೆಸ್ರು ಇಟ್ಟೆ."

ಎಮ್ಮೆಗಳು ಇಳಿದವು, ಜನ ಇಳಿದರು. ಮುಂದಿನದು ಹೇಳಲು ಸುಲಭ, ಮಾಡಲು ಬಹಳ ಕಷ್ಟ. ಹುಟ್ಟಿದಂದಿನಿಂದ ಮಣ್ಣನ್ನು ಹೊಡೆದು, ಬಡಿದು, ತುಳಿದು ಬದುಕಿದ ಜನ ಕೈ ಕಟ್ಟಿಕೊಂಡು ಬಂಡೆಯ ಮೇಲೆ ನಿಲ್ಲಬೇಕಾಯಿತು. ಹೆಪ್ಪು ಹಾಕಿದ ಗಡಿಗೆಯನ್ನು ಅಲುಗಿಸಬಾರದೆಂದು ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತು, ಆದರೆ ಅಂದು ಗಡಿಗೆಯ ಅಡಿಯಲ್ಲಿ ಮಗಳಿದ್ದಳು. ಏರಿ ನಡುಗಿತು, ಮತ್ತೊಮ್ಮೆ ನಡುಗಿತು, ಆಮೇಲೆ ನಿಂತಿತು.

ಏರಿ ನಿಂತರೂ ನೀರು ಏರುವುದು ನಿಂತಿರಲಿಲ್ಲ. ಗಂಗಾಭೋವಿ ಬಂಡೆಯ ಮಗ್ಗುಲಿಗೆ ಹೋಗಿ, ಏರಿ ಬಂಡೆಯನ್ನು ಕೂಡುವ ಸಂದಿನಲ್ಲಿ ಗುದ್ದಲಿ ಎತ್ತಿದ. ಎತ್ತಿದ ಕೈ ಒಂದು ಗಳಿಗೆ ಮೇಲೆಯೇ ತಡೆಯಿತಂತೆ. ಒಡೆಯದ ಏರಿ ಕಟ್ಟುವವನೆಂದು ನಾಡೆಲ್ಲ ಹೆಸರಾಗಿದ್ದವನು ತನ್ನ ಏರಿಯನ್ನು ತಾನೇ ಒಡೆಯಬೇಕಿತ್ತು, ಒಡೆದರೆ ಆಣೆ ಕಾದು ಕುಳಿತಿತ್ತು. ಅವನು ಗುದ್ದಲಿ ಹಾಕಿದ. ಹೊಡೆಯಲಿಲ್ಲ, ಬೆಣ್ಣೆ ಕೊಯ್ಯುವಂತೆ ಮೆತ್ತಗೆ ಕೊಯ್ದ. ನೀರು ಬಂಡೆಯ ಬೆನ್ನಿನ ಮೇಲೆ ಜಾರಿ, ಗುಡಿಸಲಿನಿಂದ ದೂರಕ್ಕೆ ತಿರುಗಿ, ಹಳೆಯ ಹಳ್ಳವನ್ನು ಸೇರಿತು. ಕೊಯ್ದ ಅಂಚಿನ ಮಣ್ಣು ಅಂಗುಲವೂ ಕುಸಿಯಲಿಲ್ಲ. ಮಳೆ ಕಡಿಮೆಯಾಗುವ ಹೊತ್ತಿಗೆ ಕೆಳಗಿನಿಂದ ಕೂಸಿನ ಅಳು ಕೇಳಿತು. ಹೆಣ್ಣು ಮಗು. ಗಂಗಾಭೋವಿ ಗುದ್ದಲಿಯನ್ನು ಅಲ್ಲೇ ಇಟ್ಟು, ಬಂಡೆಗೆ ಒರಗಿ ಕುಳಿತು ಮಗುವಿಗಿಂತ ಜೋರಾಗಿ ಅತ್ತ.

ಊರನ್ನೂ ಮಗಳನ್ನೂ ಉಳಿಸಲು ಕೊಯ್ದದ್ದು ಒಡೆದಂತಲ್ಲ, ಗುದ್ದಲಿ ಎತ್ತಿಕೋ ಎಂದು ಬೀರೇಗೌಡ ಎಷ್ಟೋ ಹೇಳಿದ. ಅಂದು ಹಂಗಿಸಿದ್ದಕ್ಕೆ ಪಶ್ಚಾತ್ತಾಪಪಟ್ಟು ಕೈಯನ್ನೂ ಹಿಡಿದ. "ಮಾತು ಮಾತೇ ಬುದ್ಧಿ" ಎಂದ ಗಂಗಾಭೋವಿ ಅಂದಿನಿಂದ ಗುದ್ದಲಿ ಮುಟ್ಟಲಿಲ್ಲ. ಆದರೆ ಕೈ ಸುಮ್ಮನಿರಬೇಕಲ್ಲ, ಬದುಕಿರುವವರೆಗೂ ಕಲ್ಲು ಹೊತ್ತು ತಂದು ಬೆಟ್ಟಕ್ಕೆ ದಾರಿ ಹಾಸಿದ. ಹೆರಿಗೆಯ ಸೂತಕ ಕಳೆದ ದಿನ ಅವನು ಮೊಮ್ಮಗಳನ್ನು ಎತ್ತಿಕೊಂಡು ಏರಿಯ ಬಳಿಗೆ ಬಂದು, ಆ ಕೆಂಪು ಪಾದವನ್ನು ಕರಿಮಣ್ಣಿಗೆ ಹೂವಿನಷ್ಟು ಹಗುರವಾಗಿ ತಾಗಿಸಿದನಂತೆ. "ಇಷ್ಟು ಭಾರ ಸಾಕು ತಾಯಿ ನಿಂಗೆ. ಇನ್ನು ಯಾರೂ ನಿನ್ನ ತುಳಿಯಕಿಲ್ಲ" ಎಂದನಂತೆ. ಗೌಡ ಕೆರೆಯ ಆಸೆ ಬಿಟ್ಟ, ಕಡಿದ ಮಗ್ಗುಲನ್ನು ಕಾಡಿಗೆ ಬಿಟ್ಟ, ಬೆಟ್ಟಕ್ಕೆ ಈ ಹೆಸರು ನಿಂತಿತು.

ಇವತ್ತು ಹೋದವರಿಗೂ ಆ ಏರಿ ಕಾಣುತ್ತದೆ. ಅದರ ಮೈಮೇಲೆ ನೇರಳೆ, ಮತ್ತಿ ಮರಗಳು ಬೆಳೆದು ನಿಂತಿವೆ, ಬಂಡೆಯ ಸಂದಿನಲ್ಲಿ ಅವನು ಕೊಯ್ದ ಕಾಲುವೆಯಲ್ಲಿ ನೀರು ಹರಿಯುತ್ತಲೇ ಇದೆ. ಅಲ್ಲಿ ಗುಡಿಯಿಲ್ಲ, ಕಟ್ಟಲು ಬಂದವರನ್ನು ಊರಿನವರು ಬಿಟ್ಟಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಹೆರಿಗೆಯಾದ ಮೇಲೆ ತಾಯಂದಿರು ಕೂಸನ್ನು ಇಲ್ಲಿಗೆ ತರುತ್ತಾರೆ. ತಾವು ಕಲ್ಲಿನ ಮೇಲೇ ನಿಂತು, ಬಗ್ಗಿ, ಕೂಸಿನ ಕಾಲನ್ನು ಮಣ್ಣಿಗೆ ಒಮ್ಮೆ ತಾಗಿಸಿ ಎತ್ತಿಕೊಳ್ಳುತ್ತಾರೆ. ಈ ಬೆಟ್ಟವನ್ನು ತುಳಿಯುವ ಹಕ್ಕು ಇನ್ನೂ ನಡೆಯಲು ಬಾರದವರಿಗೆ ಮಾತ್ರ. ಏರಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತು ಎಲೆಗಳನ್ನು ಸರಿಸಿ ನೋಡಿದರೆ ಕರಿಮಣ್ಣಿನಲ್ಲಿ ಒಂದರ ಪಕ್ಕ ಒಂದು ಆ ಪುಟ್ಟ ಹೆಜ್ಜೆಗಳು ಕಾಣುತ್ತವೆ, ಐದೂ ಬೆರಳು ಮೂಡಿರುತ್ತವೆ.